ಓದುಗರ ಪ್ರಶ್ನೆ, ತಜ್ಞರ ಉತ್ತರ: ದಾಸ್ತಾನಿನಲ್ಲಿರುವ ಬಿತ್ತನೆ ಆಲೂಗಡ್ಡೆಯ ಶಿಲೀಂಧ್ರ ರೋಗಗಳನ್ನು ಗುರುತಿಸುವುದು ಹೇಗೆ?

ಬಿತ್ತನೆಗೆಂದು ತೆಗೆದಿಟ್ಟ ಆಲೂಗಡ್ಡೆ ದಾಸ್ತಾನಿನಲ್ಲಿ ಕೆಡುತ್ತಿರುವ ಬಗ್ಗೆ ಈ ಬಾರಿ ಬಂದಿರುವ ಪತ್ರಗಳು ಒಂದು ಕಂತಿಗಾಗುವಷ್ಟಿವೆ. ಬರೆದವರಲ್ಲಿ ಹೆಚ್ಚಿನವರು ಯಾವ ಔಷಧಿ ಬಳಸಬೇಕು ಎಂದು ಕೇಳಿದ್ದಾರೆ. ಆದರೆ ಗೆಡ್ಡೆಯೊಳಗೆ ಇರುವುದು ಯಾವ ರೋಗ, ಅದು ಯಾವಾಗ ಒಳಹೊಕ್ಕಿತು ಎಂಬುದು ತಿಳಿಯದೆ ಆ ಪ್ರಶ್ನೆಗೆ ಉತ್ತರ ಕೊಡಲಾಗುವುದಿಲ್ಲ. ಆದ್ದರಿಂದ ರೋಗ ಗುರುತಿಸುವುದಕ್ಕೆ ಸಂಬಂಧಪಟ್ಟ ಪ್ರಶ್ನೆಗಳನ್ನಷ್ಟೇ ಇಲ್ಲಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ದಾಸ್ತಾನಿಗೆ ಹಾಕುವ ದಿನ ಗೆಡ್ಡೆಗಳನ್ನು ನಾವೇ ಆರಿಸಿ ಹಾಕಿದ್ದೆವು, ಒಂದರಲ್ಲೂ ಕೊಳೆ ಇರಲಿಲ್ಲ. ಐದು ವಾರಗಳ ನಂತರ ತೆಗೆದು ನೋಡಿದರೆ ಹಲವು ಗೆಡ್ಡೆಗಳು ಒಂದು ಬದಿಯಲ್ಲಿ ಕುಸಿದು, ಸಿಪ್ಪೆ ಸುಕ್ಕುಗಟ್ಟಿದೆ. ಮೂರು ಗೆಡ್ಡೆಗಳನ್ನು ಕಳುಹಿಸಿದ್ದೇನೆ. ರೋಗ ಉಗ್ರಾಣದಲ್ಲಿ ಬಂದದ್ದೇ? ಮೊದಲೇ ತಿಳಿಯುವ ದಾರಿ ಇತ್ತೇ?

ಉತ್ತರ: ನೀವು ಕಳುಹಿಸಿದ ಗೆಡ್ಡೆಗಳಲ್ಲಿರುವುದು ಒಣ ಕೊಳೆ. ಫ್ಯುಸೇರಿಯಂ ಕುಲದ ಶಿಲೀಂಧ್ರಗಳು, ಅವುಗಳಲ್ಲೂ ಮುಖ್ಯವಾಗಿ ಫ್ಯುಸೇರಿಯಂ ಸಾಂಬ್ಯುಸಿನಂ ಮತ್ತು ಫ್ಯುಸೇರಿಯಂ ಕೊರುಲಿಯಂ ಎಂಬೆರಡು ಪ್ರಭೇದಗಳು, ಇದಕ್ಕೆ ಕಾರಣ. ಇವು ಹೊಲದ ಮಣ್ಣಿನಲ್ಲಿ, ಗೆಡ್ಡೆಗೆ ಮೆತ್ತಿಕೊಂಡು ಬಂದ ಮಣ್ಣಿನಲ್ಲಿ, ಹಿಂದಿನ ವರ್ಷದ ದೂಳು ಕುಳಿತ ಪೆಟ್ಟಿಗೆಗಳಲ್ಲಿ ಕಾದಿರುತ್ತವೆ. ಗಟ್ಟಿಯಾಗಿ ಬಲಿತ ಸಿಪ್ಪೆಯನ್ನು ಸೀಳಿಕೊಂಡು ಒಳನುಗ್ಗುವ ಶಕ್ತಿ ಇವುಗಳಿಗಿಲ್ಲ. ಗೆಡ್ಡೆ ಕೀಳುವಾಗ, ಎತ್ತರದಿಂದ ಸುರಿಯುವಾಗ ಅಥವಾ ವಿಂಗಡಿಸುವಾಗ ಆದ ಗಾಯವೇ ಇವುಗಳಿಗೆ ಬಾಗಿಲು. ಗಾಯದೊಳಗೆ ಸೇರಿದ ಶಿಲೀಂಧ್ರ ಕಣ್ಣಿಗೆ ಕಾಣುವಷ್ಟು ಬೆಳೆಯಲು ಸಾಮಾನ್ಯವಾಗಿ 3ರಿಂದ 4 ವಾರ ಬೇಕು. ಆದ್ದರಿಂದ ದಾಸ್ತಾನಿಗೆ ಹಾಕುವ ದಿನ ನಿಮಗೆ ಕೊಳೆ ಕಾಣದೇ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ದಿನ ನೋಡಬೇಕಾಗಿದ್ದದ್ದು ಕೊಳೆಯನ್ನಲ್ಲ, ಗಾಯಗಳನ್ನು.

ಮೂರು ಗೆಡ್ಡೆಗಳನ್ನೂ ತೊಳೆದು ಕತ್ತರಿಸಿ ನೋಡಿದೆ. ಮೊದಲನೆಯದರ ಕುಸಿದ ಭಾಗದಲ್ಲಿ ಸಿಪ್ಪೆ ನೀರಿನ ಅಲೆಗಳಂತೆ ಒಂದರ ಹೊರಗೊಂದು ಉಂಗುರವಾಗಿ ಮಡಿಸಿಕೊಂಡಿತ್ತು. ಅಡಿಯ ತಿರುಳು ಒಣಗಿ ಕುಗ್ಗಿದಾಗ ಮೇಲಿನ ಸಿಪ್ಪೆಗೆ ಹೀಗೆ ಸುಕ್ಕಾಗದೆ ಬೇರೆ ದಾರಿಯಿಲ್ಲ. ಎರಡನೆಯದನ್ನು ಸೀಳಿದಾಗ ಕಂದು ತಿರುಳಿನ ನಡುವೆ ಪೊಳ್ಳುಗಳಿದ್ದು, ಅವುಗಳ ಗೋಡೆಗೆ ಬಿಳಿ ಮತ್ತು ನಸುಗೆಂಪು ಬೂಷ್ಟು ಹತ್ತಿಯಂತೆ ಅಂಟಿಕೊಂಡಿತ್ತು. ಮೂರನೆಯದನ್ನು ನೀವು ಬಹುಶಃ ಚೆನ್ನಾಗಿರುವ ಗೆಡ್ಡೆಯ ಮಾದರಿಯೆಂದು ಕಳುಹಿಸಿದ್ದೀರಿ. ಅದರ ಮೇಲೆ ಸಾಸಿವೆ ಕಾಳಿನಷ್ಟು ಅಗಲದ ಒಂದು ಕಂದು ಗುರುತು ಬಿಟ್ಟರೆ ಏನೂ ಇರಲಿಲ್ಲ. ಆ ಗುರುತಿನ ಮೇಲೆಯೇ ಚಾಕು ಇಟ್ಟು ನೇರವಾಗಿ ಸೀಳಿದಾಗ ಕಂದು ಬಣ್ಣ ಹೆಬ್ಬೆರಳಿನ ಅಗಲದಷ್ಟು ಆಳಕ್ಕೆ ಇಳಿದಿತ್ತು. ಗೆಡ್ಡೆಯನ್ನು ನಡುವಿನಲ್ಲಿ ಎರಡು ಹೋಳು ಮಾಡಿ ನೋಡುವ ರೂಢಿ ಹಲವರಿಗಿದೆ. ಹಾಗೆ ಮಾಡಿದ್ದರೆ ಚಾಕು ಈ ಕೊಳೆಯ ಪಕ್ಕದಲ್ಲೇ ಹಾದುಹೋಗಿ, ಗೆಡ್ಡೆ ಚೆನ್ನಾಗಿದೆ ಎಂದು ಬರೆದುಕೊಳ್ಳಬೇಕಾಗುತ್ತಿತ್ತು. ಸೀಳು ಯಾವಾಗಲೂ ಗಾಯದ ಮೂಲಕ ಹಾದುಹೋಗಬೇಕು.

ಒಣ ಕೊಳೆ 15ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಬೆಳೆಯುತ್ತದೆ, 5 ಡಿಗ್ರಿಗಿಂತ ಕೆಳಗೆ ಬಹಳ ನಿಧಾನವಾಗುತ್ತದೆ, ಆದರೆ ಸಾಯುವುದಿಲ್ಲ. ಬಿತ್ತನೆಗೆ ಮುನ್ನ ಗೆಡ್ಡೆಗಳನ್ನು ಬೆಚ್ಚಗೆ ಮಾಡಿದ ಕೂಡಲೇ ನಿಂತಲ್ಲಿಂದ ಮತ್ತೆ ಮುಂದುವರಿಯುತ್ತದೆ. ಈ ಕಾರಣಕ್ಕೆ ಎರಡು ಬಾರಿ ಪರೀಕ್ಷಿಸಬೇಕಾಗುತ್ತದೆ: ದಾಸ್ತಾನಿಗೆ ಹಾಕಿದ ಒಂದು ತಿಂಗಳ ಆಸುಪಾಸಿನಲ್ಲಿ ಒಮ್ಮೆ, ಹೊರತೆಗೆದು ಬೆಚ್ಚಗಾದ ಮೇಲೆ ಇನ್ನೊಮ್ಮೆ. ಕಿತ್ತ ನಂತರದ ಮೊದಲ 10ರಿಂದ 14 ದಿನ 12ರಿಂದ 15 ಡಿಗ್ರಿ ಉಷ್ಣತೆ ಮತ್ತು ಶೇ. 90ಕ್ಕೂ ಹೆಚ್ಚಿನ ತೇವಾಂಶದಲ್ಲಿ, ಗಾಳಿಯಾಡುವಂತೆ ಇಟ್ಟರೆ ಗಾಯಗಳ ಮೇಲೆ ಹೊಸ ತೊಗಟೆ ಕಟ್ಟಿಕೊಂಡು ಬಾಗಿಲು ಮುಚ್ಚುತ್ತದೆ. ಗಾಯ ಮಾಯುವ ಮೊದಲೇ ಅವಸರದಿಂದ ತಣ್ಣಗೆ ಮಾಡಿದ ದಾಸ್ತಾನಿನಲ್ಲಿ ಒಣ ಕೊಳೆಯನ್ನು ನಿರೀಕ್ಷಿಸಿಯೇ ಪರೀಕ್ಷೆಗೆ ಇಳಿಯಬೇಕು.

ಪ್ರಶ್ನೆ: ನಮ್ಮ ಗೆಡ್ಡೆಗಳನ್ನು 3 ಡಿಗ್ರಿಯಲ್ಲೇ ಇಟ್ಟಿದ್ದೇವೆ. ಅಷ್ಟು ತಂಪಿನಲ್ಲಿ ಕೊಳೆ ಬರುವುದಿಲ್ಲ ಎಂದು ನಂಬಿದ್ದೆವು. ಈಗ ಹೆಬ್ಬೆರಳಿನಿಂದ ಒತ್ತಿದಂತಹ ಕುಳಿಗಳು ಕಾಣುತ್ತಿವೆ. ಇದೂ ಒಣ ಕೊಳೆಯೇ?

ಉತ್ತರ: ನಿಮ್ಮ ಹೋಲಿಕೆಯೇ ರೋಗದ ಹೆಸರನ್ನು ಹೇಳುತ್ತಿದೆ. ಹೆಬ್ಬೆರಳ ಗುರುತಿನಂತಹ ಕುಳಿ ಗ್ಯಾಂಗ್ರೀನ್ ರೋಗದ ಲಕ್ಷಣ. ಫೋಮಾ ಫೋವಿಯೇಟಾ ಎಂದು ಬಹುಕಾಲ ಕರೆಯುತ್ತಿದ್ದ, ಈಗ ಬೋರೆಮಿಯಾ ಫೋವಿಯೇಟಾ ಎಂದು ಕರೆಯುವ ಶಿಲೀಂಧ್ರ ಇದಕ್ಕೆ ಕಾರಣ. ಇದೂ ಗಾಯದ ಮೂಲಕವೇ ಒಳಬರುವುದಾದರೂ ಒಣ ಕೊಳೆಗೆ ಆಗದ ತಂಪು ಇದಕ್ಕೆ ಒಗ್ಗುತ್ತದೆ. ತಂಪಿನಲ್ಲಿ ಗೆಡ್ಡೆಯ ಗಾಯ ಮಾಯುವುದು ನಿಧಾನವಾಗುವುದರಿಂದ ಶಿಲೀಂಧ್ರಕ್ಕೆ ಇನ್ನಷ್ಟು ಅನುಕೂಲ.

ಎರಡನ್ನೂ ಬೇರ್ಪಡಿಸಲು ಕೊಳೆತ ಮತ್ತು ಚೆನ್ನಾಗಿರುವ ತಿರುಳು ಸೇರುವ ಅಂಚನ್ನು ನೋಡಿ. ಗ್ಯಾಂಗ್ರೀನ್‌ನಲ್ಲಿ ಆ ಗಡಿ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಒಣ ಕೊಳೆಯಲ್ಲಿ ಕಂದು ಬಣ್ಣ ಮಾಸುತ್ತಾ ಹೋಗಿ ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟವಾಗುತ್ತದೆ. ಗ್ಯಾಂಗ್ರೀನ್ ಕುಳಿಯ ಸಿಪ್ಪೆಯ ಮೇಲೆ ಅಥವಾ ಒಳಗಿನ ಪೊಳ್ಳಿನ ಗೋಡೆಯ ಮೇಲೆ ಸೂಜಿಯ ಮೊನೆಯಷ್ಟು ಕಪ್ಪು ಚುಕ್ಕೆಗಳಿದ್ದರೆ ಅವು ಬೀಜಾಣುಗಳಿರುವ ಚೀಲಗಳು. ಕಂಡರೆ ಸಂಶಯ ಬೇಡ. ಆದರೆ ಅವು ಎಲ್ಲ ಗೆಡ್ಡೆಗಳಲ್ಲೂ ಕಾಣಿಸುವುದಿಲ್ಲ. ಹೊರಗಿನ ಸಣ್ಣ ಕುಳಿಯನ್ನು ನೋಡಿ ಒಳಗಿನ ಹಾನಿಯನ್ನು ಅಂದಾಜು ಮಾಡಬೇಡಿ, ಈ ರೋಗದಲ್ಲಿ ಆ ಲೆಕ್ಕ ಬಹಳ ಸಲ ತಪ್ಪುತ್ತದೆ. ಒಂದೇ ಗೆಡ್ಡೆಯಲ್ಲಿ ಎರಡೂ ರೋಗಗಳಿರುವುದುಂಟು. ಅಂಥದ್ದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಶಿಲೀಂಧ್ರ ಬೆಳೆಸಿಯೇ ನಿರ್ಧರಿಸಬೇಕು.

ಪ್ರಶ್ನೆ: ಗೆಡ್ಡೆಗಳನ್ನು ತೊಳೆದಾಗ ಸಿಪ್ಪೆಯ ಮೇಲೆ ಬೆಳ್ಳಿಯ ಬಣ್ಣದ ತೇಪೆಗಳು ಹೊಳೆಯುತ್ತವೆ, ಒಣಗಿದಾಗ ಮಾಯವಾಗುತ್ತವೆ. ಮಾರಿದವರು ಇದು ಮಣ್ಣಿನ ಕಲೆ ಎನ್ನುತ್ತಾರೆ. ಒಳಗಿನ ತಿರುಳು ಚೆನ್ನಾಗಿಯೇ ಇದೆ. ಬಿತ್ತಬಹುದೇ?

ಉತ್ತರ: ಮಣ್ಣಿನ ಕಲೆ ಒದ್ದೆಯಾದಾಗ ಹೊಳೆಯುವುದಿಲ್ಲ. ಸಿಪ್ಪೆಯ ಹೊರಪದರದ ಜೀವಕೋಶಗಳು ಸಡಿಲಗೊಂಡು ಅವುಗಳ ನಡುವೆ ಗಾಳಿ ಸೇರಿದಾಗ ಮಾತ್ರ ಈ ಬೆಳ್ಳಿ ಹೊಳಪು ಬರುತ್ತದೆ. ಹಾಗೆ ಮಾಡುವ ಶಿಲೀಂಧ್ರಗಳು ಎರಡು: ಬೆಳ್ಳಿ ಹುರುಕನ್ನು ಉಂಟುಮಾಡುವ ಹೆಲ್ಮಿಂಥೋಸ್ಪೋರಿಯಂ ಸೊಲಾನಿ, ಕಪ್ಪು ಚುಕ್ಕೆ ರೋಗವನ್ನು ಉಂಟುಮಾಡುವ ಕೊಲೆಟೋಟ್ರೈಕಂ ಕೊಕೋಡೆಸ್. ಬರಿಗಣ್ಣಿಗೆ ಇವೆರಡೂ ಅವಳಿಗಳಂತೆ ಕಾಣುತ್ತವೆ. ವರ್ಷಗಳಿಂದ ಗೆಡ್ಡೆ ನೋಡುತ್ತಿರುವವರೂ ಭೂತಗನ್ನಡಿಯಿಲ್ಲದೆ ಇವುಗಳಲ್ಲಿ ಎಡವುತ್ತಾರೆ. ನಾನೂ ಎಡವಿದ್ದೇನೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಗನ್ನಡಿಯೊಂದು ಸಾಕು, ಆದರೆ ನೋಡುವ ಕ್ರಮ ತಿಳಿದಿರಬೇಕು. ಒಂದಷ್ಟು ಗೆಡ್ಡೆಗಳನ್ನು ಮೊದಲೇ ತೊಳೆದುಬಿಡಬೇಡಿ. ಬೆಳ್ಳಿ ಹುರುಕಿನ ಬೀಜಾಣುಗಳು ಸಿಪ್ಪೆಯ ಮೇಲೆ ನೆಟ್ಟಗೆ ನಿಂತ ಕಪ್ಪು ಕಡ್ಡಿಗಳ ಸುತ್ತ, ಪುಟ್ಟ ಮರದ ರೆಂಬೆಗಳಂತೆ ಜೋಡಣೆಯಾಗಿರುತ್ತವೆ. ನೀರು ತಾಗಿದರೆ, ಬೆರಳು ಉಜ್ಜಿದರೆ ಅವು ಕಳಚಿ ಹೋಗುತ್ತವೆ. ತೇಪೆಯ ಅಂಚಿನಲ್ಲಿ, ರೋಗ ಹೊಸದಾಗಿ ಹರಡುತ್ತಿರುವ ಕಡೆ, ಕಾಡಿಗೆ ಸವರಿದಂತೆ ಕಪ್ಪಾಗಿ ಕಾಣುವ ಪಟ್ಟಿಯಲ್ಲಿ ಕನ್ನಡಿ ಹಿಡಿದರೆ ಈ ಕಿರುಗಾಡು ಕಾಣುತ್ತದೆ. ಕಪ್ಪು ಚುಕ್ಕೆ ರೋಗದಲ್ಲಿ ಇಂತಹ ಕಡ್ಡಿಗಳಿರುವುದಿಲ್ಲ. ತೇಪೆಯ ಉದ್ದಗಲಕ್ಕೂ ಸಿಪ್ಪೆಗೇ ಅಂಟಿಕೊಂಡ, ತೊಳೆದರೂ ಹೋಗದ, ಆಕಾರ ಒಂದೇ ಸಮನಾಗಿಲ್ಲದ ಕಪ್ಪು ಕಾಳುಗಳಿರುತ್ತವೆ. ಇವು ಶಿಲೀಂಧ್ರದ ಗಂಟುಗಳು. ತೇಪೆಯ ಗಡಿಯೂ ಬೆಳ್ಳಿ ಹುರುಕಿನಷ್ಟು ಸ್ಪಷ್ಟವಾಗಿರುವುದಿಲ್ಲ.

ಇವೆರಡನ್ನೂ ಬೇರ್ಪಡಿಸಲು ಇಷ್ಟು ಶ್ರಮ ಏಕೆಂದರೆ, ದಾಸ್ತಾನಿನಲ್ಲಿ ಎರಡರ ನಡವಳಿಕೆ ಒಂದೇ ಅಲ್ಲ. ಬೆಳ್ಳಿ ಹುರುಕು ಗೆಡ್ಡೆಯನ್ನು ಬಿಟ್ಟು ಗಿಡದ ಬೇರಾವ ಭಾಗಕ್ಕೂ ತಗಲುವುದಿಲ್ಲ. ಹೊಲಕ್ಕೆ ಅದು ಬರುವ ಮುಖ್ಯ ದಾರಿಯೇ ಬಿತ್ತನೆ ಗೆಡ್ಡೆ. ಉಗ್ರಾಣದಲ್ಲಿ 3 ಡಿಗ್ರಿಗಿಂತ ಹೆಚ್ಚು ಉಷ್ಣತೆ ಮತ್ತು ಶೇ. 90ಕ್ಕಿಂತ ಹೆಚ್ಚು ತೇವ ಇದ್ದಲ್ಲಿ ಅದರ ಬೀಜಾಣುಗಳು ಗಾಳಿ ಬೀಸುವ ಕೊಳವೆಗಳ ಮೂಲಕ ರಾಶಿಯಿಂದ ರಾಶಿಗೆ ಹಬ್ಬುತ್ತವೆ. ಹೀಗಾಗಿ ಒಳಬಂದಾಗ ಕೆಲವೇ ಗೆಡ್ಡೆಗಳಲ್ಲಿದ್ದ ರೋಗ ಹೊರಹೋಗುವಾಗ ಬಹುಪಾಲು ಗೆಡ್ಡೆಗಳಲ್ಲಿರಬಹುದು. ಕಪ್ಪು ಚುಕ್ಕೆ ರೋಗ ಬೇರು, ಕಾಂಡಗಳಿಗೂ ತಗಲುತ್ತದೆ, ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಉಗ್ರಾಣದಲ್ಲಿ ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಹಾರುವುದಕ್ಕಿಂತ, ಹೊಲದಲ್ಲೇ ಹತ್ತಿಕೊಂಡದ್ದು ಅದೇ ಗೆಡ್ಡೆಯ ಮೇಲೆ ವಿಸ್ತರಿಸುವುದು ಹೆಚ್ಚು.

ಬಿತ್ತಬಹುದೇ ಎಂಬುದಕ್ಕೆ ಉತ್ತರ ತೇಪೆಯ ವ್ಯಾಪ್ತಿಯ ಮೇಲೆ ನಿಂತಿದೆ. ಸಿಪ್ಪೆಯ ಹೆಚ್ಚು ಭಾಗ ಹುರುಕಿಗೆ ಸಿಕ್ಕಿದ್ದರೆ ಗೆಡ್ಡೆ ನೀರು ಕಳೆದುಕೊಂಡು ಮುದುಡುತ್ತದೆ, ಮೊಳಕೆಗಳು ಸೊರಗುತ್ತವೆ. ಬಿತ್ತನೆ ದೃಢೀಕರಣದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ, ಸಿಪ್ಪೆಯ ರೋಗಗಳಲ್ಲಿ ಗೆಡ್ಡೆಯ ಮೇಲ್ಮೈಯ ಎಷ್ಟು ಪಾಲು ರೋಗಕ್ಕೆ ತುತ್ತಾಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾಮಾನ್ಯ.

ಪ್ರಶ್ನೆ: ಮಣ್ಣಿನ ಹೆಪ್ಪಿನಂತಹ ಕಪ್ಪು ಚೂರುಗಳು ಸಿಪ್ಪೆಗೆ ಅಂಟಿಕೊಂಡಿವೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಉತ್ತರ: ಕಪ್ಪು ಹುರುಕು. ರೈಜೋಕ್ಟೋನಿಯಾ ಸೊಲಾನಿ ಶಿಲೀಂಧ್ರದ ಗಂಟುಗಳಿವು. ಒದ್ದೆ ಮಾಡಿ ಉಗುರಿನಿಂದ ಕೆರೆದರೆ ಕಳಚುತ್ತವೆ, ಅಡಿಯ ಸಿಪ್ಪೆಗೆ ಏನೂ ಆಗಿರುವುದಿಲ್ಲ. ದಾಸ್ತಾನಿನಲ್ಲಿ ಗೆಡ್ಡೆಯನ್ನು ಕೊಳೆಸುವುದಿಲ್ಲ. ಹಾನಿ ಮಾಡುವುದು ಬಿತ್ತಿದ ಮೇಲೆ, ಮಣ್ಣಿನಿಂದ ಹೊರಬರಲಿರುವ ಎಳೆ ಮೊಳಕೆಗಳನ್ನು ಸುಟ್ಟಂತೆ ಕಂದಾಗಿಸಿ.

ಪ್ರಶ್ನೆ: ಕೊಳೆತಿಲ್ಲ, ಒಣಗಿಲ್ಲ, ಆದರೂ ಕೆಲವು ಗೆಡ್ಡೆಗಳಲ್ಲಿ ಅರ್ಧದಷ್ಟು ಕಣ್ಣುಗಳು ಮೊಳೆಯಲೇ ಇಲ್ಲ. ಕಣ್ಣುಗಳ ಸುತ್ತ ಬೆವರುಗುಳ್ಳೆಯಂತಹ ಸಣ್ಣ ಉಬ್ಬುಗಳಿವೆ.

ಉತ್ತರ: ಇದು ಪಾಲಿಸೈಟಾಲಂ ಪುಸ್ಟುಲನ್ಸ್ ಶಿಲೀಂಧ್ರದಿಂದ ಬರುವ ಸಿಪ್ಪೆ ಚುಕ್ಕೆ ರೋಗವಿರಬೇಕು. ಗೆಡ್ಡೆ ಕೀಳುವಾಗ ಇದರ ಯಾವ ಲಕ್ಷಣವೂ ಕಾಣುವುದಿಲ್ಲ. ಗುಳ್ಳೆಗಳು ಮೇಲೇಳಲು ದಾಸ್ತಾನಿನಲ್ಲಿ ಸುಮಾರು ಎರಡು ತಿಂಗಳಾದರೂ ಬೇಕು. ಅಷ್ಟು ಹೊತ್ತಿಗೆ ಕಣ್ಣುಗಳು ಸತ್ತಿರುತ್ತವೆ. ತಿನ್ನುವ ಆಲೂಗಡ್ಡೆಯಲ್ಲಿ ಅಂದದ ಕೊರತೆಯಷ್ಟೇ ಆಗುವ ಈ ರೋಗ ಬಿತ್ತನೆಯಲ್ಲಿ ಮೊಳಕೆಯನ್ನೇ ಕಸಿದುಕೊಳ್ಳುತ್ತದೆ. ಇದನ್ನು ಮೊದಲೇ ಹಿಡಿಯಲು ಪ್ರಯೋಗಾಲಯಗಳಲ್ಲಿ ಬಳಸುವ ವಿಧಾನ ಸರಳವಾದದ್ದು: ಹಲವು ಗೆಡ್ಡೆಗಳಿಂದ ಕಣ್ಣುಗಳನ್ನು ಸಿಪ್ಪೆ ಸಮೇತ ಸಣ್ಣ ಬಿಲ್ಲೆಗಳಾಗಿ ಕೊರೆದು ತೆಗೆದು, ಒದ್ದೆ ಕಾಗದದ ಮೇಲೆ ಮುಚ್ಚಿದ ತಟ್ಟೆಯಲ್ಲಿ 15 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ದಿನ ಇಟ್ಟು, ಸೂಕ್ಷ್ಮದರ್ಶಕದ ಅಡಿಯಲ್ಲಿ ಶಿಲೀಂಧ್ರ ಬೆಳೆದ ಕಣ್ಣುಗಳನ್ನು ಎಣಿಸುತ್ತಾರೆ. ರೈಜೋಕ್ಟೋನಿಯಾ ಕೂಡ ಇದೇ ತಟ್ಟೆಯಲ್ಲಿ ಸಿಕ್ಕಿಬೀಳುತ್ತದೆ.

ಪ್ರಶ್ನೆ: ರಾಶಿಯ ಅಡಿಯಿಂದ ನೀರು ಜಿನುಗುತ್ತಿದೆ, ವಾಸನೆ ಬರುತ್ತಿದೆ. ಒಂದು ಗೆಡ್ಡೆಯನ್ನು ಕತ್ತರಿಸಿ ಪಕ್ಕಕ್ಕಿಟ್ಟಿದ್ದೆ, ಸ್ವಲ್ಪ ಹೊತ್ತಿನಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ಇದು ಯಾವ ಶಿಲೀಂಧ್ರ?

ಉತ್ತರ: ಕತ್ತರಿಸಿ ಪಕ್ಕಕ್ಕಿಟ್ಟದ್ದು ಒಳ್ಳೆಯದಾಯಿತು. ಗುಲಾಬಿ ಕೊಳೆಯನ್ನು ಗುರುತಿಸಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಸೀಳಿದ ಗೆಡ್ಡೆಯ ಮುಖವನ್ನು ಗಾಳಿಗೆ ತೆರೆದಿಟ್ಟರೆ 15ರಿಂದ 30 ನಿಮಿಷದಲ್ಲಿ ಕೊಳೆತ ಭಾಗ ಗುಲಾಬಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಸೀಳಿದ ಕೂಡಲೇ ನೋಡಿ ಎಸೆದುಬಿಟ್ಟವರಿಗೆ ಈ ಗುರುತು ಸಿಗುವುದೇ ಇಲ್ಲ. ಕೊಳೆ ಸಾಮಾನ್ಯವಾಗಿ ಬಳ್ಳಿಗೆ ಅಂಟಿದ್ದ ತುದಿಯಿಂದ ಆರಂಭವಾಗುತ್ತದೆ, ತಿರುಳು ರಬ್ಬರಿನಂತೆ ಬಾಗುತ್ತದೆ, ಹುಳಿ ವಾಸನೆ ಇರುತ್ತದೆ.

ಒದ್ದೆ ಕೊಳೆಗಳೆಲ್ಲ ಒಂದೇ ಅಲ್ಲ. ಪಿಥಿಯಂನಿಂದ ಬರುವ ಸೋರು ಕೊಳೆಯಲ್ಲಿ ಹೊರಗಿನ ಕವಚ ಗಟ್ಟಿಯಾಗಿಯೇ ಉಳಿದು ಒಳಗಿನದೆಲ್ಲ ಬೂದುಗಪ್ಪಾಗಿ ನೀರಾಗುತ್ತದೆ, ಹಿಂಡಿದರೆ ಚಿಮ್ಮುತ್ತದೆ. ಬಿಸಿಲಿನ ದಿನ ಗಾಯವಾಗುವಂತೆ ಕಿತ್ತ ಗೆಡ್ಡೆಗಳಲ್ಲಿ ಇದು ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೂಗು ಮುಚ್ಚಿಕೊಳ್ಳುವಂತಹ ದುರ್ನಾತದ, ಕೆನೆಬಣ್ಣದ ಲೋಳೆಯಾದರೆ ಅದು ಬ್ಯಾಕ್ಟೀರಿಯಾದ ಮೆದು ಕೊಳೆ. ಅಂಗಮಾರಿ ತಗಲಿದ ಗೆಡ್ಡೆ ಇವುಗಳಿಗಿಂತ ಒಣಗಿರುತ್ತದೆ: ಸಿಪ್ಪೆ ಸುಲಿದರೆ ಅಡಿಯಲ್ಲಿ ಇಟ್ಟಿಗೆ ಬಣ್ಣದ, ಮರಳುಮರಳಾದ ತಿರುಳು, ಒಳಕ್ಕೆ ನಾಲಿಗೆ ಚಾಚಿದಂತೆ ಅಂಕುಡೊಂಕಾಗಿ ಇಳಿದಿರುತ್ತದೆ. ಸಂಶಯವಿದ್ದರೆ ಅದರ ಹೋಳನ್ನು ಒದ್ದೆ ಕಾಗದವಿರುವ ಮುಚ್ಚಿದ ಡಬ್ಬಿಯಲ್ಲಿ ಕೋಣೆಯ ಉಷ್ಣತೆಯಲ್ಲಿ ಒಂದೆರಡು ದಿನ ಇಡಿ, ಕತ್ತರಿಸಿದ ಮುಖದ ಮೇಲೆ ತೆಳುವಾದ ಬಿಳಿ ಬೂಷ್ಟು ಏಳುತ್ತದೆ. ಅದರ ಬೀಜಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ಉಳಿಯದು.

ನಿಮ್ಮ ಪ್ರಶ್ನೆಯ ಪದವೊಂದನ್ನು ತಿದ್ದಬೇಕು. ಗುಲಾಬಿ ಕೊಳೆಯ ಫೈಟಾಫ್ತೊರಾ ಎರಿಥ್ರೋಸೆಪ್ಟಿಕಾ, ಅಂಗಮಾರಿಯ ಫೈಟಾಫ್ತೊರಾ ಇನ್‌ಫೆಸ್ಟನ್ಸ್, ಸೋರು ಕೊಳೆಯ ಪಿಥಿಯಂ, ಇವು ಶಿಲೀಂಧ್ರದಂತೆ ಎಳೆಎಳೆಯಾಗಿ ಬೆಳೆದರೂ ನಿಜವಾದ ಶಿಲೀಂಧ್ರಗಳಲ್ಲ. ಊಮೈಸೀಟ್ ಎಂಬ ಬೇರೆಯೇ ಗುಂಪಿಗೆ ಸೇರಿದವು, ಸಂಬಂಧದಲ್ಲಿ ಕಂದು ಪಾಚಿಗಳಿಗೆ ಹತ್ತಿರ. ಇದು ಬರೀ ಹೆಸರಿನ ವಿಷಯವಲ್ಲ, ಶಿಲೀಂಧ್ರಗಳನ್ನು ಕೊಲ್ಲುವ ಹಲವು ಔಷಧಿಗಳು ಇವುಗಳ ಮೇಲೆ ಕೆಲಸ ಮಾಡುವುದೇ ಇಲ್ಲ.

1845ರಲ್ಲಿ ಐರ್ಲೆಂಡಿನಲ್ಲಿ ಅಂಗಮಾರಿ ಬಂದಾಗ, ಕೀಳುವಾಗ ಗಟ್ಟಿಯಾಗಿದ್ದ ಗೆಡ್ಡೆಗಳೂ ಗುಂಡಿಗಳಲ್ಲಿ ಮುಚ್ಚಿಟ್ಟ ಮೇಲೆ ಕೊಳೆತುಹೋದವು. ಬೂಷ್ಟು ಕೊಳೆಗೆ ಕಾರಣವಲ್ಲ, ಕೊಳೆತ ಮೇಲೆ ಬಂದದ್ದು ಎಂದೇ ಆಗಿನ ಹೆಚ್ಚಿನ ವಿದ್ವಾಂಸರು ವಾದಿಸಿದರು. ಅದೇ ಕಾರಣವೆಂದು 1846ರಲ್ಲಿ ಬರೆದ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಮೈಲ್ಸ್ ಬರ್ಕ್‌ಲಿ ಅಲ್ಪಸಂಖ್ಯಾತರ ಪಕ್ಷದಲ್ಲಿದ್ದರು. ಆ ಜೀವಿಗೆ ಫೈಟಾಫ್ತೊರಾ ಎಂಬ ಹೆಸರನ್ನು 1876ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಕೊಟ್ಟರು. ಅಂದಿನ ವಾದದಲ್ಲಿ ಸೋತವರ ಮಾತಿನಲ್ಲೂ ಒಂದಂಶ ಸರಿಯಿತ್ತು. ಕೊಳೆತ ಗೆಡ್ಡೆಯ ಮೇಲೆ ನಮಗೆ ಕಾಣುವ ಬೂಷ್ಟು ಬಹಳ ಸಲ ಆಮೇಲೆ ಬಂದದ್ದೇ ಆಗಿರುತ್ತದೆ. ಅಂಗಮಾರಿ ಮಾಡಿದ ಗಾಯದಲ್ಲಿ ಫ್ಯುಸೇರಿಯಂ ನೆಲೆಸುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಏರುತ್ತದೆ. ಪೂರ್ತಿ ಕೊಳೆತ ಗೆಡ್ಡೆಯನ್ನು ಪರೀಕ್ಷೆಗೆ ಕಳುಹಿಸಿದರೆ ಕೊನೆಗೆ ಬಂದವರ ಹೆಸರಷ್ಟೇ ಗೊತ್ತಾಗುತ್ತದೆ. ಆದ್ದರಿಂದ ರೋಗ ಈಗಷ್ಟೇ ಆರಂಭವಾದ, ಮುಕ್ಕಾಲು ಭಾಗ ಚೆನ್ನಾಗಿರುವ ಗೆಡ್ಡೆಗಳನ್ನು ಆರಿಸಿ ಕಳುಹಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳುಹಿಸಬೇಡಿ, ದಾರಿಯಲ್ಲೇ ಎಲ್ಲವೂ ಮೆದು ಕೊಳೆಯಾಗುತ್ತದೆ, ಕಾಗದದಲ್ಲಿ ಸುತ್ತಿ.

ಪ್ರಶ್ನೆ: ಒಂದು ರಾಶಿಯಿಂದ ಎಷ್ಟು ಗೆಡ್ಡೆಗಳನ್ನು ಪರೀಕ್ಷಿಸಿದರೆ ಸಾಕು? ನಾವು ನೂರು ಗೆಡ್ಡೆ ನೋಡಿದೆವು, ರೋಗ ಸಿಗಲಿಲ್ಲ. ರಾಶಿ ರೋಗಮುಕ್ತವೆಂದು ಹೇಳಬಹುದೇ?

ಉತ್ತರ: ಹೇಳಲಾಗದು. ನೂರು ಗೆಡ್ಡೆಗಳಿಗೆ ಒಂದರಂತೆ ರೋಗವಿರುವ ರಾಶಿಯಿಂದ ನೂರು ಗೆಡ್ಡೆ ತೆಗೆದರೆ, ಅವುಗಳಲ್ಲಿ ಒಂದೂ ರೋಗದ ಗೆಡ್ಡೆ ಇರದೇ ಹೋಗುವ ಸಂಭವ ಶೇ. 37ರಷ್ಟು. ಅಂದರೆ ಮೂರು ಸಲ ಹೀಗೆ ಪರೀಕ್ಷಿಸಿದರೆ ಒಂದು ಸಲಕ್ಕಿಂತ ಹೆಚ್ಚೇ ನಿಮಗೆ ಸುಳ್ಳು ಸಮಾಧಾನ ಸಿಗುತ್ತದೆ. ನೆನಪಿಡಲು ಸುಲಭವಾದ ಲೆಕ್ಕವೊಂದಿದೆ. ಪರೀಕ್ಷಿಸಿದ ಗೆಡ್ಡೆಗಳಲ್ಲಿ ಒಂದರಲ್ಲೂ ರೋಗ ಸಿಗದಿದ್ದಾಗ, 3ನ್ನು ಪರೀಕ್ಷಿಸಿದ ಗೆಡ್ಡೆಗಳ ಸಂಖ್ಯೆಯಿಂದ ಭಾಗಿಸಿ. ಬರುವ ಭಾಗಲಬ್ಧಕ್ಕಿಂತ ಹೆಚ್ಚು ರೋಗ ರಾಶಿಯಲ್ಲಿ ಇಲ್ಲವೆಂದು ಶೇ. 95ರ ಭರವಸೆಯಲ್ಲಿ ಹೇಳಬಹುದು. ನಿಮ್ಮ ನೂರು ಗೆಡ್ಡೆಗಳಿಂದ ಹೇಳಬಹುದಾದದ್ದು ಇಷ್ಟೇ: ರೋಗ ಶೇ. 3ಕ್ಕಿಂತ ಹೆಚ್ಚಿಲ್ಲ. ಶೇ. 1ಕ್ಕಿಂತ ಹೆಚ್ಚಿಲ್ಲವೆಂದು ಹೇಳಬೇಕಾದರೆ 300 ಗೆಡ್ಡೆಗಳು ಬೇಕು.

ಆದರೆ ಈ ಲೆಕ್ಕ ನಡೆಯುವುದು ಗೆಡ್ಡೆಗಳನ್ನು ರಾಶಿಯ ಎಲ್ಲೆಡೆಯಿಂದ ತೆಗೆದಾಗ ಮಾತ್ರ. ದಾಸ್ತಾನಿನ ರೋಗ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ, ಗುಂಪುಗುಂಪಾಗಿ ಇರುತ್ತದೆ. ಮೇಲಿನ ಪದರದಿಂದ, ಬಾಗಿಲ ಬಳಿಯ ಚೀಲಗಳಿಂದ ತೆಗೆದ 300 ಗೆಡ್ಡೆಗಳು ಆ ಚೀಲಗಳ ಕಥೆಯನ್ನಷ್ಟೇ ಹೇಳುತ್ತವೆ. ರಾಶಿ ಕಟ್ಟುವಾಗಲೇ ಒಂದೊಂದು ಗಾಡಿಯಿಂದ ಹತ್ತಿಪ್ಪತ್ತು ಗೆಡ್ಡೆ ತೆಗೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ ಚೀಲಗಳನ್ನು ಬೇರೆ ಬೇರೆ ಕಡೆಯಿಂದ ಆರಿಸಿ, ಚೀಲದ ನಡುವಿನಿಂದ ಗೆಡ್ಡೆ ತೆಗೆಯಿರಿ. ಇದರ ಜೊತೆಗೆ, ರೋಗವನ್ನು ಹುಡುಕಿಕೊಂಡು ಹೋಗುವ ಇನ್ನೊಂದು ಸುತ್ತು ಬೇಕು, ಅದರ ಎಣಿಕೆಯನ್ನು ಮೊದಲಿನದಕ್ಕೆ ಸೇರಿಸಬಾರದು. ಸುರಿಯುವಾಗ ಮಣ್ಣು ಒಂದೇ ಕಡೆ ಬಿದ್ದು ಗಾಳಿ ಆಡದಂತಾದ ಜಾಗ, ಮಾಡಿನ ಹನಿ ತೊಟ್ಟಿಕ್ಕುವ ಜಾಗ, ರಾಶಿಯ ಮೇಲ್ಮೈ ತಗ್ಗಿದ ಜಾಗ, ಕೈಗೆ ಬೆಚ್ಚಗೆನ್ನಿಸುವ ಜಾಗ, ಸಣ್ಣ ನೊಣಗಳು ಎದ್ದಾಡುವ ಜಾಗ: ಇಲ್ಲೆಲ್ಲ ಕೈ ಹಾಕಿ ನೋಡಿ.

ಇನ್ನೊಂದು ಮಾತು. ಚಿತ್ರಗಳನ್ನು ಕಳುಹಿಸಿದ ಓದುಗರಲ್ಲಿ ಮುಕ್ಕಾಲು ಪಾಲು ಜನ ಮಣ್ಣು ಮೆತ್ತಿದ ಗೆಡ್ಡೆಯನ್ನು ಹಳದಿ ದೀಪದಡಿ ಹಿಡಿದು ತೆಗೆದಿದ್ದಾರೆ. ಆ ಬೆಳಕಿನಲ್ಲಿ ಒಣ ಕೊಳೆಯ ಕಂದು, ಅಂಗಮಾರಿಯ ಇಟ್ಟಿಗೆ ಬಣ್ಣ, ಬರೀ ಮಣ್ಣು, ಮೂರೂ ಒಂದೇ ಬಣ್ಣ. ಹಗಲ ಬೆಳಕಿನಲ್ಲಿ, ತೊಳೆದ ಗೆಡ್ಡೆಯನ್ನೂ ತೊಳೆಯದ ಗೆಡ್ಡೆಯನ್ನೂ, ಸೀಳಿದ ಮುಖವನ್ನೂ ತೆಗೆದು ಕಳುಹಿಸಿ.

ಪ್ರಶ್ನೆ: ಕಣ್ಣಿಗೆ ಕಾಣದೆ ಒಳಗಿರುವ ರೋಗವನ್ನು ಮನೆಯಲ್ಲೇ ಪತ್ತೆ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಕಾಯುವ ತಾಳ್ಮೆ ಬೇಕು. ರಾಶಿಯ ಎಲ್ಲೆಡೆಯಿಂದ ತೆಗೆದ, ತೊಳೆಯದ ನೂರು ಗೆಡ್ಡೆಗಳನ್ನು ಎರಡು ಪಾಲು ಮಾಡಿ. ಒಂದು ಪಾಲಿನ ಪ್ರತಿ ಗೆಡ್ಡೆಗೂ ಬೇಕೆಂದೇ ಗಾಯ ಮಾಡಿ: ಎರಡು ಬದಿಯಲ್ಲಿ ಸಿಪ್ಪೆ ಜಜ್ಜಿ, ಮೇಲಿನ ಮಣ್ಣು ಗಾಯಕ್ಕೆ ತಾಗುವಂತೆ ನೋಡಿಕೊಳ್ಳಿ. ಇವುಗಳಲ್ಲಿ ಅರ್ಧವನ್ನು ಕಾಗದದ ಚೀಲದಲ್ಲಿ 15ರಿಂದ 18 ಡಿಗ್ರಿಯಲ್ಲಿ ಸುಮಾರು ಒಂದು ತಿಂಗಳು ಇಟ್ಟರೆ ಒಣ ಕೊಳೆ ಬರುವುದಿದ್ದರೆ ಬರುತ್ತದೆ. ಇನ್ನರ್ಧವನ್ನು 5 ಡಿಗ್ರಿಯಲ್ಲಿ ಆರೆಂಟು ವಾರ ಇಟ್ಟರೆ ಗ್ಯಾಂಗ್ರೀನ್ ಬರುವುದಿದ್ದರೆ ಬರುತ್ತದೆ. ಗಾಯ ಮಾಡದ ಎರಡನೆಯ ಪಾಲನ್ನು, ಅಡಿಗೆ ಒದ್ದೆ ಕಾಗದ ಹಾಕಿದ ಮುಚ್ಚಳದ ಪೆಟ್ಟಿಗೆಯಲ್ಲಿ, ಗೆಡ್ಡೆಗಳು ನೀರಿಗೆ ನೇರವಾಗಿ ತಾಗದಂತೆ ಜಾಲರಿಯ ಮೇಲೆ ಜೋಡಿಸಿ ಎರಡು ಮೂರು ವಾರ ಇಡಿ. ಬೆಳ್ಳಿ ಹುರುಕು ಇದ್ದರೆ ಸಿಪ್ಪೆಯ ಮೇಲೆ ಆಗಲೇ ಹೇಳಿದ ಕಪ್ಪು ಕಿರುಗಾಡು ಬೆಳೆದು ನಿಲ್ಲುತ್ತದೆ. ಪೆಟ್ಟಿಗೆಯನ್ನು ಪೂರ್ತಿ ಗಾಳಿಯಾಡದಂತೆ ಮುಚ್ಚಿದರೆ ಮೆದು ಕೊಳೆ ಬಂದು ಪರೀಕ್ಷೆಯೇ ಹಾಳಾಗುತ್ತದೆ.

ಹೀಗೆ ಗಾಯ ಮಾಡಿ ಬೆಳೆಸಿದಾಗ ಸಿಗುವ ಪ್ರಮಾಣ ನಿಮ್ಮ ದಾಸ್ತಾನಿನಲ್ಲಿ ಬರಲಿರುವ ಪ್ರಮಾಣವಲ್ಲ. ಗೆಡ್ಡೆಯ ಮೇಲಿನ ಮಣ್ಣಿನಲ್ಲಿ ರೋಗಾಣು ಎಷ್ಟಿದೆ, ಒರಟಾಗಿ ನಡೆಸಿಕೊಂಡರೆ ಎಷ್ಟು ಹಾಳಾಗಬಹುದು ಎಂಬುದನ್ನು ಅದು ಹೇಳುತ್ತದೆ. ಫಲಿತಾಂಶ ಕೆಟ್ಟದಾಗಿ ಬಂದ ರಾಶಿಯನ್ನು ತಂಪಾಗಿರುವಾಗ ಮತ್ತೆ ವಿಂಗಡಿಸಲು ಹೋಗಬೇಡಿ. ತಣ್ಣನೆಯ ಗೆಡ್ಡೆ ಬೇಗ ಜಜ್ಜಿಹೋಗುತ್ತದೆ, ಮಾಯುವುದು ನಿಧಾನ.

ಪ್ರಶ್ನೆ: ಪ್ರಯೋಗಾಲಯದ ಪಿಸಿಆರ್ ವರದಿಯಲ್ಲಿ ನಾಲ್ಕು ರೋಗಾಣುಗಳು ಇವೆ ಎಂದು ಬಂದಿದೆ. ಗೆಡ್ಡೆಗಳು ಮಾತ್ರ ಚೆನ್ನಾಗಿ ಕಾಣುತ್ತಿವೆ. ಎಲ್ಲವನ್ನೂ ಎಸೆಯಬೇಕೇ?

ಉತ್ತರ: ಎಸೆಯುವ ಮೊದಲು ವರದಿಯನ್ನು ಇನ್ನೊಮ್ಮೆ ಓದಿ. ಪಿಸಿಆರ್ ಪರೀಕ್ಷೆ ಪತ್ತೆ ಮಾಡುವುದು ರೋಗಾಣುವಿನ ಡಿಎನ್‌ಎಯನ್ನು. ಅದು ಸಿಪ್ಪೆಯ ಮೇಲಿನ ಮಣ್ಣಿನಲ್ಲಿದೆಯೋ, ಸಿಪ್ಪೆಯೊಳಗೆ ಇಳಿದಿದೆಯೋ, ಜೀವಂತವಾಗಿದೆಯೋ, ಸತ್ತಿದೆಯೋ ಎಂಬುದನ್ನು ಸಾಮಾನ್ಯ ಪಿಸಿಆರ್ ಹೇಳುವುದಿಲ್ಲ. ಔಷಧಿಯಲ್ಲಿ ಅದ್ದಿದ ಗೆಡ್ಡೆಯ ಮೇಲೆ ಸತ್ತ ಶಿಲೀಂಧ್ರದ ಡಿಎನ್‌ಎ ಕೂಡ ಸ್ವಲ್ಪ ಕಾಲ ಉಳಿದಿರುತ್ತದೆ. ಆದ್ದರಿಂದ ‘ಇದೆ’ ಅಥವಾ ‘ಇಲ್ಲ’ ಎಂಬುದಕ್ಕಿಂತ ‘ಎಷ್ಟಿದೆ’ ಎಂಬುದು ಮುಖ್ಯ. ಪ್ರಮಾಣವನ್ನು ಅಳೆಯುವ ರಿಯಲ್ ಟೈಮ್ ಪಿಸಿಆರ್ ಮಾಡಿಸಿದ್ದರೆ ವರದಿಯಲ್ಲಿ ಆ ಅಂಕಿ ಇರುತ್ತದೆ. ಮಾದರಿಯನ್ನು ಹೇಗೆ ತೆಗೆದರು ಎಂದೂ ಕೇಳಿ. ತೊಳೆದ ಗೆಡ್ಡೆಗಳ ಸಿಪ್ಪೆಯನ್ನು ಬಳ್ಳಿಯ ತುದಿಯಿಂದ ಮೊಳಕೆಯ ತುದಿಯವರೆಗೆ ಪಟ್ಟಿಯಾಗಿ ಸುಲಿದು ಪರೀಕ್ಷಿಸಿದ್ದರೆ ಫಲಿತಾಂಶಕ್ಕೆ ಬೆಲೆಯಿದೆ. ಒಂದೇ ಪರೀಕ್ಷೆಗೆ ಹಲವು ಗೆಡ್ಡೆಗಳ ಸಿಪ್ಪೆಯನ್ನು ಕೂಡಿಸಿ ಅರೆದಿದ್ದರೆ, ಒಂದು ಗೆಡ್ಡೆಯಲ್ಲಿ ವಿಪರೀತ ರೋಗವಿತ್ತೋ, ಎಲ್ಲದರಲ್ಲೂ ಅಲ್ಪಸ್ವಲ್ಪ ಇತ್ತೋ ತಿಳಿಯುವುದಿಲ್ಲ.

ಪಿಸಿಆರ್ ಹೆಚ್ಚು ಉಪಯೋಗಕ್ಕೆ ಬರುವುದು ಕಣ್ಣು ಸೋಲುವ ಕಡೆ. ಬೆಳ್ಳಿ ಹುರುಕು ಮತ್ತು ಕಪ್ಪು ಚುಕ್ಕೆಯನ್ನು ಆರಂಭದಲ್ಲೇ ಬೇರ್ಪಡಿಸಲು, ಕೀಳುವಾಗಲೇ ಸಿಪ್ಪೆ ಚುಕ್ಕೆ ರೋಗದ ಸುಳಿವು ಹಿಡಿಯಲು ಅದಕ್ಕೆ ಸಾಟಿಯಿಲ್ಲ. ಹಾಗೆಯೇ ತಟ್ಟೆಯಲ್ಲಿ ಬೆಳೆಸುವ ಹಳೆಯ ವಿಧಾನವನ್ನೂ ಕಡೆಗಣಿಸಬೇಡಿ. ಥಯಾಬೆಂಡಜೋಲ್ ಔಷಧಿಗೆ ಬಗ್ಗದ ಫ್ಯುಸೇರಿಯಂ ಸಾಂಬ್ಯುಸಿನಂ ಮತ್ತು ಬೆಳ್ಳಿ ಹುರುಕಿನ ತಳಿಗಳು ಹಲವು ದೇಶಗಳಲ್ಲಿ ಹರಡಿವೆ. ನಿಮ್ಮ ಗೆಡ್ಡೆಯಲ್ಲಿರುವುದು ಅಂಥದ್ದೇ ಎಂದು ನೋಡಲು, ಜೀವಂತ ಶಿಲೀಂಧ್ರವನ್ನು ಔಷಧಿ ಬೆರೆಸಿದ ತಟ್ಟೆಯ ಮೇಲೆ ಬೆಳೆಸುವುದೇ ನೇರವಾದ ದಾರಿ.

ಪ್ರಶ್ನೆ: ಕ್ಯಾಮೆರಾ, ಎಲೆಕ್ಟ್ರಾನಿಕ್ ಮೂಗು ಇತ್ಯಾದಿಗಳಿಂದ ದಾಸ್ತಾನಿನ ರೋಗ ಹಿಡಿಯಬಹುದಂತೆ, ನಿಜವೇ?

ಉತ್ತರ: ಭಾಗಶಃ ನಿಜ. ಗೆಡ್ಡೆ ಕೊಳೆಯುವಾಗ ಬಿಡುವ ಆವಿಗಳನ್ನು ಸಂವೇದಕಗಳು ಗ್ರಹಿಸಬಲ್ಲವು, ರಾಶಿಯೊಳಗಿನ ಇಂಗಾಲದ ಡೈಆಕ್ಸೈಡ್ ಏರಿದರೂ ಎಚ್ಚರಿಕೆ ಸಿಗುತ್ತದೆ. ಇವು ಮೆದು ಕೊಳೆಯಂತಹ ಒದ್ದೆ ಕೊಳೆಗಳಿಗೆ ಚೆನ್ನಾಗಿ ಒದಗುತ್ತವೆ. ಬೆಳ್ಳಿ ಹುರುಕು, ಸಿಪ್ಪೆ ಚುಕ್ಕೆಯಂತಹ ಸದ್ದಿಲ್ಲದ ರೋಗಗಳಿಗೆ ಅಲ್ಲ. ಉಷ್ಣತೆ ತೋರಿಸುವ ಕ್ಯಾಮೆರಾ ರಾಶಿಯ ಹೊರಮೈಯನ್ನಷ್ಟೇ ನೋಡುತ್ತದೆ. ಹಲವು ತರಂಗಾಂತರಗಳಲ್ಲಿ ಚಿತ್ರ ತೆಗೆಯುವ ಕ್ಯಾಮೆರಾಗಳು ವಿಂಗಡಿಸುವ ಪಟ್ಟಿಯ ಮೇಲೆ ತೊಳೆದ ಗೆಡ್ಡೆಗಳನ್ನು ನೋಡುವಲ್ಲಿ ಉಪಯುಕ್ತ, ಮಣ್ಣು ಮೆತ್ತಿದ ಬಿತ್ತನೆ ಗೆಡ್ಡೆಯಲ್ಲಿ ನಮ್ಮ ಕಣ್ಣಿನಷ್ಟೇ ಅವುಗಳಿಗೂ ತೊಡಕು.

ಪ್ರಶ್ನೆ: ಹೊರಗೆ ಒಂದು ಗುರುತೂ ಇಲ್ಲ, ಒಳಗೆ ನಡುವಿನಲ್ಲಿ ಮಾತ್ರ ಕಡುಗಪ್ಪಾಗಿದೆ. ಬೂಷ್ಟಿಲ್ಲ, ವಾಸನೆಯಿಲ್ಲ.

ಉತ್ತರ: ರೋಗವಲ್ಲ. ಗೆಡ್ಡೆಗೆ ಉಸಿರಾಡಲು ಗಾಳಿ ಸಾಲದೆ ನಡುವಿನ ತಿರುಳು ಸತ್ತಿದೆ, ಇದನ್ನು ಕಪ್ಪು ಹೃದಯ ಎನ್ನುತ್ತಾರೆ. ಪರೀಕ್ಷಿಸಬೇಕಾದದ್ದು ಗೆಡ್ಡೆಯನ್ನಲ್ಲ, ಉಗ್ರಾಣದ ಗಾಳಿಯ ವ್ಯವಸ್ಥೆಯನ್ನು.

ಪ್ರಶ್ನೆ: ಪರೀಕ್ಷೆಗೆಂದು ಕತ್ತರಿಸಿದ ಗೆಡ್ಡೆಗಳಲ್ಲಿ ಚೆನ್ನಾಗಿರುವ ಹೋಳುಗಳನ್ನು ಬಿತ್ತಬಹುದೇ?

ಉತ್ತರ: ಬೇಡ. ಒಣ ಕೊಳೆಯ ಗೆಡ್ಡೆಯನ್ನು ಸೀಳಿದ ಚಾಕು ಮುಂದಿನ ಗೆಡ್ಡೆಯ ಹಸಿ ಮುಖಕ್ಕೆ ಬೀಜಾಣುಗಳನ್ನು ಸವರುತ್ತದೆ, ಕತ್ತರಿಸಿದ ಮುಖವೆಂದರೆ ಇಡೀ ಗಾಯವೇ. ಪರೀಕ್ಷೆಗೆ ಕತ್ತರಿಸಿದ್ದೆಲ್ಲವನ್ನೂ ಹೊಲಕ್ಕೂ ಗೊಬ್ಬರದ ಗುಂಡಿಗೂ ಹಾಕದೆ ದೂರದಲ್ಲಿ ಆಳವಾಗಿ ಹೂಳಿ. ಒಂದು ರಾಶಿ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವಿಗೆ ಅಂಟಿದ ತಿರುಳನ್ನು ಒರೆಸಿ, ಸ್ಪಿರಿಟ್‌ನಲ್ಲಿ ಅದ್ದಿ, ಒಣಗಿದ ಮೇಲೆ ಬಳಸಿ. ತಿರುಳು ಅಂಟಿದ್ದಂತೆಯೇ ಅದ್ದಿದರೆ ಅದ್ದಿದ್ದೂ ಒಂದೇ, ಬಿಟ್ಟದ್ದೂ ಒಂದೇ.